ಗಿರಣಿಗೆ ಕಾಲು ಬಂದದ್ದು

ಆ ಕೈಗಿರಣಿ ಕಾರ್ಖಾನೆಯಲ್ಲಿ ಮೇಸ್ತ್ರಿ ಹೇಳಿದ್ದೇ ವೇದವಾಕ್ಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಆದರೆ ಅವನ ಗಿರಣಿ ಅಷ್ಟು ಚೊಕ್ಕ. ಎದುರು ಸೊಲ್ಲೆತ್ತಲು ಯಾರಿಗೂ ಆಸ್ಪದವಿರಲಿಲ್ಲ. ನೆಲಕ್ಕೆ ಕೂತು, ಗಿರಣಿಯ ಅಡಿಪಟ್ಟಿಯನ್ನು ಪಾದದಿಂದ ಒತ್ತಿ, ಹಿಡಿಕೆ ತಿರುಗಿಸಿದರೆ ಸಾಕು, ಜೋಳ ನುಣ್ಣನೆಯ ಹಿಟ್ಟಾಗಿ ಸುರಿಯುತ್ತಿತ್ತು. ಅಂಥ ಮುನ್ನೂರು ಗಿರಣಿಗಳು ಹಡಗೇರಿ, ಇಲ್ಲಿನವರಂತೆಯೇ ಕೈ ಬಿಗಿಹಿಡಿದು ಸಂಸಾರ ನಡೆಸುವ ಜನರ ದೂರದ ಇನ್ನೊಂದು ದೇಶಕ್ಕೆ ಹೋಗಿದ್ದವು.

ಅಲ್ಲಿಂದ ದೂರು ಬಂತು: ಬೀಸಿದರೆ ಬೆನ್ನು ಮುರಿಯುತ್ತದೆ. ದೂರಿನ ಬೆನ್ನಿಗೇ ಅಲ್ಲಿನ ಖರೀದಿ ಸಂಘದ ಹೆಂಗಸೂ ಬಂದಿಳಿದಳು. ಅವಳು ಒಪ್ಪಿದರೆ ಇನ್ನೂ ಎರಡು ಸಾವಿರ ಗಿರಣಿ. ಒಪ್ಪದಿದ್ದರೆ ಕಾರ್ಖಾನೆಗೆ ಬೀಗ.

"ಬಗ್ಗಿಕೊಂಡು ಬೀಸಿದ್ರೆ ಬೆನ್ನು ನೋಯದೆ ಇನ್ನೇನು? ಕೂತ್ಕೊಂಡು ಬೀಸೋಕೆ ಹೇಳಿ, ಯಜಮಾನ್ರೇ," ಎಂದು ಮೇಸ್ತ್ರಿ ಗುರುಗುಟ್ಟಿದ.

ಯಜಮಾನರು ಅದನ್ನು ಸಾಕಷ್ಟು ಮೆತ್ತಗೆ ಮಾಡಿ, ಇಬ್ಬರಿಗೂ ಅರೆಬರೆ ಬರುವ ಮೂರನೆಯ ಭಾಷೆಯಲ್ಲಿ ಅವಳಿಗೆ ದಾಟಿಸಿದರು. ಉತ್ತರ ಕೇಳಿ ಈ ಕಡೆ ತಿರುಗಿದರು. "ಅವರ ಕಡೆ ಹೆಂಗಸ್ರು ನಿಂತೇ ಬೀಸೋದಂತೆ, ಮೇಸ್ತ್ರಿ. ಕೂತು ಬೀಸೋದೇ ಗೊತ್ತಿಲ್ವಂತೆ."

ಲೋಕದಲ್ಲಿ ಅಂಥವರೂ ಇರಬಹುದೆಂದು ಮೇಸ್ತ್ರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಹೆಂಗಸು ವಾದಕ್ಕೆ ನಿಲ್ಲಲಿಲ್ಲ. ಬೂಟು ಬಿಚ್ಚಿ ನೆಲಕ್ಕೆ ಕೂತಳು, ಅಡಿಪಟ್ಟಿ ಒತ್ತಿದಳು, ಬೀಸತೊಡಗಿದಳು. ಅರ್ಧ ಸೇರಿಗೆ ಕಾಲು ಜೋಮು ಹಿಡಿದು ಪಕ್ಕಕ್ಕೆ ಉರುಳಿದಳು. ಎಲ್ಲರಿಗಿಂತ ಮೊದಲು ತಾನೇ ನಕ್ಕು, ಮತ್ತೆ ಎದ್ದು ಕೂತು, ಸೇರು ಮುಗಿಸಿಯೇ ಬಿಟ್ಟಳು. ಭಲೇ, ಹಟದಲ್ಲಿ ಇವಳು ನನಗೆ ಅಕ್ಕ, ಅಂದುಕೊಂಡ ಮೇಸ್ತ್ರಿ.

ಆಮೇಲೆ ಅವಳು ಗಿರಣಿಯನ್ನು ಎತ್ತರದ ಡ್ರಮ್ಮಿನ ಮೇಲಿಟ್ಟು, ಬಿಗಿಯಾಗಿ ಕಟ್ಟಿ, ಈಗ ನಿನ್ನ ಸರದಿ ಎಂಬಂತೆ ಕೈ ತೋರಿಸಿದಳು. ಮೇಸ್ತ್ರಿ ನಿಂತು ಎರಡು ಸೇರು ಬೀಸಿದ. ವರ್ಷಗಳಿಂದ ಏಳುವಾಗೆಲ್ಲ ಕಟಕಟ ಎನ್ನುತ್ತಿದ್ದ ಮಂಡಿ ಇವತ್ತು ತುಟಿಪಿಟಕ್ಕೆನ್ನಲಿಲ್ಲ. ಅವನಿಗೆ ತಟ್ಟನೆ ಹೆಂಡತಿ ನೆನಪಾದಳು. ಅವನು ಮಾಡಿದ ಮೊಟ್ಟಮೊದಲ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೀಸುತ್ತಿದ್ದವಳು, ಈಚೆಗೆ ಗೋಡೆ ಹಿಡಿದೇ ಏಳುತ್ತಿದ್ದಳು. ವಯಸ್ಸಾಯಿತು ಎಂದು ಅವನು ಸುಮ್ಮನಿದ್ದ. ಈಗ ನಾಚಿಕೆಯಾಯಿತು.

ಮೂರು ದಿನ ಇಬ್ಬರೂ ತೋಳೇರಿಸಿ ದುಡಿದರು. ಅವಳು ತನ್ನ ಸೊಂಟದ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದಳು. ಅವನು ಪೈಪು ಕತ್ತರಿಸಿ ಬೆಸುಗೆ ಹಾಕಿದ. ಮಾತಿನ ಹಂಗೇ ಬೇಕಾಗಲಿಲ್ಲ. ಬೇಕೆಂದಾಗ ಜೋಡಿಸಿ, ಬೇಡವೆಂದಾಗ ಕಳಚುವ ಕಾಲುಗಳು ಗಿರಣಿಗೆ ಬಂದವು. ಕೂರುವವರು ಕೂರಲಿ, ನಿಲ್ಲುವವರು ನಿಲ್ಲಲಿ.

"ಅಂತೂ ಮೊಲಕ್ಕೆ ನಾಲ್ಕನೇ ಕಾಲು ಬಂತು," ಎಂದು ಯಜಮಾನರು ಛೇಡಿಸಿದರು. ಹೆಂಗಸು ಎರಡು ಸಾವಿರ ಗಿರಣಿಯ ಕಾಗದಕ್ಕೆ ರುಜು ಹಾಕಿದಳು. ಆಮೇಲೆ ಮೂಲೆಯಲ್ಲಿದ್ದ, ಒಂದೇ ಗಿರಣಿಗಾಗುವಷ್ಟು ಗಿಡ್ಡ ಕಾಲುಗಳನ್ನು ಕಂಡು, ಇದು ಯಾರಿಗೆ ಎಂದು ಹುಬ್ಬೇರಿಸಿದಳು. ಮೇಸ್ತ್ರಿ ತನ್ನ ಭುಜದ ಮಟ್ಟಕ್ಕೆ ಕೈ ಹಿಡಿದು ಹೆಂಡತಿಯ ಎತ್ತರ ತೋರಿಸಿ, ಕೆಂಪಾದ.

ಮನೆಯಲ್ಲಿ ಮೇಸ್ತ್ರಿ ನಡೆದದ್ದೆಲ್ಲ ಹೇಳಿ ಕಾಲು ಜೋಡಿಸಿಕೊಟ್ಟ. ಹೆಂಡತಿ ನಿಂತು ಒಂದು ಸೇರು ಬೀಸಿದಳು. ಗೋಡೆ ಮುಟ್ಟಲಿಲ್ಲ.

"ನೋವು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದ.

"ನೀವು ಕೇಳಿದ್ರೆ ತಾನೇ ಹೇಳೋದು," ಎಂದಳವಳು, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು. "ಆ ಅಕ್ಕ ಊರಿಗೆ ಹೊರಡೋ ಮುಂಚೆ ಊಟಕ್ಕೆ ಕರ್ಕೊಂಡು ಬನ್ನಿ. ಪಕ್ಕದ ಮನೆಯಿಂದ ಕುರ್ಚಿ ತರಿಸ್ತೀನಿ. ಪಾಪ, ನೆಲದ ಮೇಲೆ ಕೂರಿಸೋದು ಬೇಡ."