ಬಯಕೆಯ ಉಪ್ಪುಬನ್ನು

“ಇದಕ್ಕೆ ನೀರ್ ಆಕ್ಬೇಕೇನಮ್ಮಿ?”

ಚಿಕ್ಕಬೈರಪ್ಪ ಬೀದಿಯಲ್ಲಿ ನಿಂತೇ ಕೇಳಿದ. ಒಂದು ಕೈಯಲ್ಲಿ ಮೈದಾಹಿಟ್ಟಿನ ಪೊಟ್ಟಣ, ಇನ್ನೊಂದರಲ್ಲಿ ಈಚಲು ಹೆಂಡದ ಸೀಸೆ, ಕಂಕುಳಲ್ಲಿ ಮನೆಯಿಂದ ತಂದ ಕಬ್ಬಿಣದ ಕಾವಲಿ. ಬಾಗಿಲಲ್ಲಿ ನಿಂತಿದ್ದ ತಂಗಿ ಮುನಿಕೆಂಪಮ್ಮನಿಗೆ ಅಣ್ಣನ ಮುಖ ನೋಡಬೇಕೋ ಅವನ ಸಾಮಾನು ನೋಡಬೇಕೋ ತಿಳಿಯಲಿಲ್ಲ. ಅವನ ಮನೆ ಇದೇ ಕೊಡಿಗೇಹಳ್ಳಿಯಲ್ಲಿ, ಎರಡು ಬೀದಿ ಆಚೆ. ಆದರೂ ಅವನು ಈ ಬಾಗಿಲಿಗೆ ಬಂದು ಮೂರು ವರ್ಷವಾಗಿತ್ತು.

“ಇಲ್ಲಣ್ಣ, ಹೆಂಡದಾಗೇ ಕಲಸೋದು. ನೀರ್ ಬ್ಯಾಡ.”

“ಅಂಗಾದ್ರೆ ಸರಿ.” ಅವನ ಮುಖದ ಬಿಗಿ ಸಡಿಲವಾಯಿತು. ತಂದದ್ದನ್ನೆಲ್ಲ ಜಗಲಿಯ ಮೇಲಿಟ್ಟು, ತಾನೂ ಒಂದು ಮೂಲೆಯಲ್ಲಿ ಕೂತ. “ಬಸುರಿ ಮಗ್ಳು ಕೇಳವ್ಳೆ, ಏನ್ ಮಾಡಾದು? ಅನ್ನ ಸೇರಕಿಲ್ಲ, ಮುದ್ದೆ ಸೇರಕಿಲ್ಲ. ಅತ್ತೆ ಮಾಡ್ತಿದ್ದ ಉಪ್ಬನ್ನು ಬೇಕು ಅಂತ ಮೂರು ದಿವ್ಸದಿಂದ ಒಂದೇ ಅಟ. ಬಯಕೆ ತೀರಿಸ್ದೆ ಇದ್ರೆ ಮಗೀಗೆ ಕಿವಿ ಸೋರ್ತದೆ ಅಂತ ಪಟಾಲಮ್ಮ ಬ್ಯಾರೆ ಏಳ್ಬುಟ್ಳು.”

ಸೂಲಗಿತ್ತಿ ಪಟಾಲಮ್ಮನಿಗೆ ಮುನಿಕೆಂಪಮ್ಮ ಮನಸ್ಸಿನಲ್ಲೇ ಕೈಮುಗಿದಳು. ಊರಿನ ಹಿರಿಯರು ಮುಚ್ಚಿದ ಬಾಗಿಲನ್ನು ಇನ್ನೂ ಹುಟ್ಟದ ಒಂದು ಮಗುವಿನ ಕಿವಿ ತೆಗೆಸಿತ್ತು.

ಬಾಗಿಲು ಮುಚ್ಚಿದ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಗಂಡ ಸತ್ತಮೇಲೆ ಮುನಿಕೆಂಪಮ್ಮ ಹೆಬ್ಬಾಳದ ಬಂಗಲೆಯೊಂದರಲ್ಲಿ ಜರ್ಮನಿಯ ದಂಪತಿಗಳಿಗೆ ಅಡಿಗೆ ಮಾಡಲು ಸೇರಿದಳು. ವಾರಕ್ಕೊಮ್ಮೆ ಊರಿಗೆ ಬರುವಾಗ ಬಿಸ್ಕತ್ತು, ಸಕ್ಕರೆ, ಹಳೆಯ ಉಣ್ಣೆಯ ಅಂಗಿ ತರುತ್ತಿದ್ದಳು. ತರುತ್ತಿದ್ದಷ್ಟು ದಿನ ಯಾರಿಗೂ ಜಾತಿಯ ನೆನಪಾಗಲಿಲ್ಲ. ಒಂದು ವರ್ಷ ಊರದೇವರ ಪೂಜೆಯ ಹೊತ್ತಿಗೆ ಊರಿನ ಹಿರಿಯ ದೊಡ್ಡಮುನಿಯಪ್ಪ ಎದ್ದು ನಿಂತು, ದನ ತಿನ್ನೋರ ಪಾತ್ರೆ ಬೆಳಗೋಳ ಮನೆಯಲ್ಲಿ ಯಾರೂ ನೀರು ಮುಟ್ಟಕೂಡದು ಎಂದ. ಅವನು ಮೈಮೇಲೆ ಹಾಕಿಕೊಂಡಿದ್ದು ಅವಳೇ ತಂದುಕೊಟ್ಟ ಉಣ್ಣೆಯ ಅಂಗಿ. ಚಿಕ್ಕಬೈರಪ್ಪ ಅಲ್ಲೇ ಕೂತಿದ್ದ. ತುಟಿ ಪಿಟಿಕ್ಕೆನ್ನಲಿಲ್ಲ.

ಆಮೇಲೆ ಆ ದಂಪತಿಗಳೂ ತಮ್ಮ ದೇಶಕ್ಕೆ ಹೊರಟುಹೋದರು. ಮುನಿಕೆಂಪಮ್ಮ ಈಗ ದ್ರಾಕ್ಷಿ ತೋಟಗಳಲ್ಲಿ ಕೂಲಿಗೆ ಹೋಗುತ್ತಾಳೆ. ಅಲ್ಲಿ ಮಧ್ಯಾಹ್ನದ ಬುತ್ತಿಯನ್ನು ಬೇರೆ ಕೂತು ಉಣ್ಣುತ್ತಾಳೆ. ಮನೆಗೆ ಬಂದರೆ ಮಾತಾಡಿಸಲು ಬೆಕ್ಕೂ ಇಲ್ಲ. ಎದುರುಮನೆಯ ಗೌರಮ್ಮ ದೂರದಿಂದಲೇ “ಉಂಡ್ಯಾ?” ಎಂದು ಕೇಳುವುದುಂಟು, ಉತ್ತರಕ್ಕೆ ನಿಲ್ಲುವುದಿಲ್ಲ. ಮುನಿಕೆಂಪಮ್ಮನಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ತನ್ನ ಒಡಹುಟ್ಟಿದವನು ಒಂದು ದಿನ ತನ್ನ ಮನೆಯಲ್ಲಿ ಕೂತು ಒಂದು ಚೊಂಬು ನೀರು ಕುಡಿಯಬೇಕು. ಅವನೊಬ್ಬ ಕುಡಿದರೆ ಉಳಿದವರ ಹಂಗಿಲ್ಲ ಎಂದುಕೊಂಡಿದ್ದಳು.

ಹಿಟ್ಟಿಗೆ ಉಪ್ಪು, ಚಿಟಿಕೆ ಸಕ್ಕರೆ ಹಾಕಿ, ಹೆಂಡ ಸುರಿದು ನಾದಿದಳು. ಹಿಟ್ಟು ಮೊದಲು ಬೆರಳಿಗೆಲ್ಲ ಅಂಟಿಕೊಂಡು, ಆಮೇಲೆ ಮಾತು ಕೇಳಿ ಮೆತ್ತಗಾಯಿತು. ಬಂಗಲೆಯ ಅಮ್ಮಾವ್ರು ಇದನ್ನು ಉದ್ದಕ್ಕೆ ಹೊಸೆದು ಗಂಟು ಹಾಕುತ್ತಿದ್ದರು. ಅದರ ಹೆಸರು ಮುನಿಕೆಂಪಮ್ಮನ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ. ಅವರ ಮಗಳಿಗೆಂದು ಗಂಟಿನ ಗೋಜಿಲ್ಲದೆ ಸಣ್ಣ ಸಣ್ಣ ತುಂಡು ಮಾಡಿ ಬೇಯಿಸುವುದನ್ನು ಇವಳೇ ಶುರುಮಾಡಿದ್ದು. ಅದನ್ನೇ ಸೆರಗಿನಲ್ಲಿ ಕಟ್ಟಿ ತಂದು ಅಣ್ಣನ ಮಗಳು ಲಕ್ಷ್ಮಿದೇವಿಗೆ ಕೊಡುತ್ತಿದ್ದಳು.

ಕಲಸಿದ ಹಿಟ್ಟು ಉಬ್ಬಬೇಕು. ಒಲೆಯ ಪಕ್ಕ ಇಟ್ಟರೆ ಬೇಗ ಉಬ್ಬುತ್ತದೆ. ಮುನಿಕೆಂಪಮ್ಮ ಅದನ್ನು ಒಯ್ದು ತಂಪಾದ ಮೂಲೆಯಲ್ಲಿಟ್ಟಳು.

“ಎಷ್ಟೊತ್ತಾಯ್ತದೆ?” ಎಂದ ಅಣ್ಣ.

“ಒಸಿ ತಡೀಬೇಕು. ಹಿಟ್ಟು ಏಳೋಗಂಟ.”

ಅವನು ಎದ್ದು ಹೋಗಲಿಲ್ಲ. ಈ ಮನೆಯ ನೀರು ಹಿಟ್ಟಿಗೆ ಸೇರದಂತೆ ನೋಡಿಕೊಳ್ಳಲು ಹೆಂಡತಿ ಹೇಳಿ ಕಳಿಸಿದ್ದಳೆಂದು ಕಾಣುತ್ತದೆ. ಕಾವಲು ಕಾಯುವವನಿಗೂ ಬೇಸರವಾಗುತ್ತದಲ್ಲ! ಬೀಡಿ ಹಚ್ಚಿ ತಾನಾಗಿಯೇ ಮಾತು ತೆಗೆದ. ಬಿಳಿ ಹಸು ಕರು ಹಾಕಿದ್ದು, ಅಳಿಯನಿಗೆ ಯಶವಂತಪುರದ ಗಿರಣಿಯಲ್ಲಿ ಕೆಲಸ ಸಿಕ್ಕಿದ್ದು, ಬಾವಿಯ ನೀರು ಇಳಿದದ್ದು. ಮುನಿಕೆಂಪಮ್ಮ ಹೊಸ್ತಿಲ ಒಳಗೆ ಕೂತು ಒಂದೊಂದಕ್ಕೂ “ಊಂ” ಎಂದಳು. ಅಷ್ಟು ಹತ್ತಿರದಿಂದ ಒಂದು ಗಂಡಸಿನ ಕೆಮ್ಮು, ಬೀಡಿಯ ವಾಸನೆ, ಜಗಲಿಗೆ ಒರಗಿದ ಬೆನ್ನು. ಮನೆ ತುಂಬಿದಂತಾಗಿತ್ತು.

“ದೇವಿ ಮದುವೇಲಿ ನೀನಿರ್ಲಿಲ್ಲ,” ಎಂದ ಅವನು, ಬೀಡಿಯ ತುದಿ ನೋಡುತ್ತಾ.

“ಮೆರವಣಿಗೆ ಕಾಣ್ತಿತ್ತಣ್ಣ, ಇಲ್ಲಿಂದ.”

 ಯಲಹಂಕದ ಕಡೆ ಹೋಗುವ ರೈಲು ಕೂಗಿತು.

ಹಿಟ್ಟು ಎಷ್ಟು ಬೇಡವೆಂದರೂ ಉಬ್ಬಿತು. ಕೈಯಲ್ಲಿ ಹೊಸೆದು, ಬೆರಳ ಗಿಣ್ಣಿನಷ್ಟು ಉದ್ದಕ್ಕೆ ಕತ್ತರಿಸಿದಳು. ಇನ್ನು ಉಳಿದದ್ದು ಸೋಡದ ಕೆಲಸ. ಕುದಿಯುವ ನೀರಿಗೆ ಅಡಿಗೆ ಸೋಡ ಹಾಕಿ, ಒಂದೊಂದೇ ತುಂಡನ್ನು ಅದರಲ್ಲಿ ಮುಳುಗಿಸಿ ತೆಗೆಯಬೇಕು. ಇಲ್ಲದಿದ್ದರೆ ಬಣ್ಣ ಬರದು, ಆ ರುಚಿಯೂ ಬರದು, ಬರಿಯ ಬನ್ನಾದೀತು. ಮುನಿಕೆಂಪಮ್ಮ ಮಡಕೆಯ ಮುಂದೆ ನಿಂತಳು. ಅಣ್ಣ ಕೇಳಿದ್ದು ಕಲಸುವ ನೀರಿನ ಮಾತು, ತಾನು ಹೇಳಿದ್ದೂ ಅದನ್ನೇ. ಈಗ ಇದನ್ನು ಹೇಳಿದರೆ ಹಿಟ್ಟು, ಕಾವಲಿ ಎತ್ತಿಕೊಂಡು ಹೊರಟೇಹೋದಾನು. ಅವನು ಬೀದಿಯ ಕಡೆ ಮುಖ ಮಾಡಿದ್ದ. ಅವಳು ತನ್ನ ಮಡಕೆಯ ನೀರನ್ನೇ ಬಗ್ಗಿಸಿ ಒಲೆಯ ಮೇಲಿಟ್ಟಳು. 

ಕಾವಲಿಯ ಮೇಲೆ ತುಂಡುಗಳನ್ನು ಜೋಡಿಸಿ, ಹರಳುಪ್ಪನ್ನು ಕುಟ್ಟಿ ಉದುರಿಸಿ, ಮೇಲೊಂದು ತಪ್ಪಲೆ ಬೋರಲು ಹಾಕಿ, ಅದರ ತಳದ ಮೇಲೆ ಕೆಂಡ ಹರಡಿದಳು. ಸ್ವಲ್ಪ ಹೊತ್ತಿಗೆಲ್ಲ ವಾಸನೆ ಎದ್ದಿತು. ಚಿಕ್ಕಬೈರಪ್ಪ ಎರಡು ಸಲ ಒಳಗೆ ಇಣುಕಿದ. ಮೂರನೆಯ ಸಲ ಎದ್ದು ಹೊಸ್ತಿಲು ದಾಟಿ ಒಲೆಯ ಹತ್ತಿರವೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಬೀದಿಯಲ್ಲಿ ಯಾರೂ ಇರಲಿಲ್ಲ. ಅದನ್ನು ನೋಡಿಕೊಂಡೇ ಬಂದಿದ್ದ.

ತಪ್ಪಲೆ ಎತ್ತಿದಾಗ ತುಂಡುಗಳು ಕೆಂಪಗೆ ಉಬ್ಬಿ ಕೂತಿದ್ದವು. ಅವಳು ನಾಲ್ಕನ್ನು ಮುತ್ತುಗದೆಲೆಯ ಮೇಲಿಟ್ಟು ಅವನ ಮುಂದೆ ತಳ್ಳಿದಳು. ತಿನ್ನು ಎನ್ನಲಿಲ್ಲ.

“ಬೆಂಕೀಲಿ ಬೆಂದಿದ್ದಕ್ಕೆ ಮೈಲಿಗೆ ಇಲ್ಲ ಬುಡು,” ಎಂದು ಅವನೇ ತೀರ್ಪು ಕೊಟ್ಟುಕೊಂಡು ಒಂದನ್ನು ಬಾಯಿಗೆ ಹಾಕಿದ. ಬಿಸಿಗೆ ನಾಲಿಗೆ ಸುಟ್ಟು ಬಾಯಿ ತೆರೆದು ಉಸಿರುಬಿಟ್ಟ. ಅವಳು ನಕ್ಕಳು. ಅವನೂ ನಕ್ಕ. ಎಲೆ ಖಾಲಿಯಾಗಿ, ಇನ್ನಷ್ಟು ಹಾಕಿಸಿಕೊಂಡ. “ಇದ್ರವ್ವನ್! ಉಪ್ಪುಪ್ಪಗೆ ಎಂಗೈತೆ ಅಂತೀನಿ! ಅವ್ವ ಇದ್ದಿದ್ರೆ ಒಲೆ ಬುಟ್ಟು ಏಳ್ತಿರ್ಲಿಲ್ಲ ಕಣೆ ಕೆಂಪಿ.”

ಕೆಂಪಿ ಎಂದು ಅವಳನ್ನು ಕರೆಯುವವರು ಬೇರೆ ಯಾರೂ ಉಳಿದಿರಲಿಲ್ಲ. ಮುನಿಕೆಂಪಮ್ಮ ಸಂತೋಷಕ್ಕೆ ಕೈಕಾಲು ಆಡದೆ, ಎದ್ದು ಹೋಗಿ ಹುಣಿಸೆಹಣ್ಣು ಹಚ್ಚಿ ಚೊಂಬನ್ನು ತಿಕ್ಕಿ ತೊಳೆದಳು. ತುಂಬ ನೀರು ಬಗ್ಗಿಸಿ ತಂದು ಅವನ ಬಲಗಡೆ ಇಟ್ಟಳು.

ಅವನ ತುಟಿಯ ಮೇಲೆ ಉಪ್ಪಿನ ಹರಳು ಅಂಟಿತ್ತು. ನಾಲಿಗೆಯಿಂದ ಸವರಿಕೊಂಡ. ಚೊಂಬಿನ ಕಡೆ ನೋಡಿದ. ನಗು ಅಲ್ಲಿಗೇ ನಿಂತಿತು. ಹೊರಗೆ ನೋಡಿದ, ಮತ್ತೆ ಚೊಂಬನ್ನು ನೋಡಿದ. 

“ಒತ್ತಾಯ್ತು. ದೇವಿ ಕಾಯ್ತಿರ್ತಾಳೆ.”

ಟವೆಲಿನಲ್ಲಿ ಉಪ್ಪುಬನ್ನುಗಳನ್ನು ಕಟ್ಟಿ, ಕಾವಲಿಯನ್ನು ಎಲೆಯಲ್ಲಿ ಹಿಡಿದು ಎದ್ದ. ಹೊಸ್ತಿಲ ಆಚೆ ಹೋದವನು ತಿರುಗಿ, ದನಿ ತಗ್ಗಿಸಿ, “ನಾನ್ ತಿಂದೆ ಅಂತ ಯಾರ್ಗೂ ಏಳ್ಬ್ಯಾಡ ಕಣಮ್ಮಿ,” ಎಂದ.

“ಇಲ್ಲಣ್ಣ.”

ತನ್ನ ಮಡಕೆಯ ನೀರು ಆಗಲೇ ಅವನ ಹೊಟ್ಟೆ ಸೇರಿದೆಯೆಂದು ನೆನೆದುಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ. ಗೊತ್ತಿಲ್ಲದೆ ನುಂಗಿದ್ದು ಕುಡಿದಂತಾಗುವುದಿಲ್ಲ. ಬಾಗಿಲಿಗೆ ಬಂದು, ಅವನು ಹೋಗುವುದನ್ನು ನೋಡುತ್ತಾ ನಿಂತಳು.

ಅವನು ತನ್ನ ಬೀದಿಯ ಕಡೆ ಹೋಗಲಿಲ್ಲ. ನೆಟ್ಟಗೆ ಎದುರುಮನೆಯ ಜಗಲಿ ಹತ್ತಿದ.

“ಗೌರಮ್ಮ, ಒಸಿ ನೀರ್ ಕೊಡವ್ವ. ಗಂಟ್ಲು ಒಣಗೋಗದೆ.”

ಗೌರಮ್ಮ ನೀರು ತಂದಳು. ಅವನು ತಲೆ ಹಿಂದಕ್ಕೆ ಹಾಕಿ, ಎತ್ತಿ ಹಿಡಿದು ಗಟಗಟ ಕುಡಿದ. ಗಂಟಲ ಮಣಿ ಮೇಲೆ ಕೆಳಗೆ ಆಡುವುದು ಈ ಬಾಗಿಲಿಗೂ ಕಾಣುತ್ತಿತ್ತು. ಒಂದಿಷ್ಟು ನೀರು ಗದ್ದದಿಂದ ಇಳಿದು ಅಂಗಿ ನೆನೆಯಿತು. ಮುಗಿಸಿ, ಉಸಿರು ಬಿಟ್ಟು, ಇನ್ನಷ್ಟು ಬೇಕೆಂದು ಕೈ ಮುಂದೆ ಚಾಚಿದ.