ಇಂಜಿನ್ನಿಗೆ ಒದ್ದೆ ಬಟ್ಟೆ

ಬಾಯ್ಲರಿನ ಮಟ್ಟ ತೋರುವ ಗಾಜಿನ ಕೊಳವೆಯಲ್ಲಿ ನೀರು ನಡುಗುತ್ತಿದೆ, ಅರ್ಧಕ್ಕಿಂತ ಎರಡು ಬೆರಳು ಕೆಳಗೆ, ಮೇಲೇರಲೊಲ್ಲದು, ಶಕುಂತಲಾ ಕಣ್ಣು ಕೀಳದೆ ನೋಡುತ್ತಾಳೆ, ಮಾಸ್ಕಿನೊಳಗೆ ಉಸಿರು ಬಿಸಿ, ಎದುರಿಗೆ ಒಲೆ ಬಿಸಿ, ವರ್ಷವೆಲ್ಲ ಮಳೆ ಹೊಯ್ಯುವ ಐರ್ಲೆಂಡಿನ ಗಾಲ್ವೇಗೆ ಬಿಸಿಲು ಇವತ್ತೇ ಬರಬೇಕಿತ್ತೇ — ಏರು ತಾಯಿ, ಏರು. ಬಾಯ್ಲರಿಗೆ ನೀರು ತಳ್ಳುವ ಇಂಜೆಕ್ಟರು ಎರಡು, ಎಡಗಡೆಯದು ಒಂದೇ ಸಲಕ್ಕೆ ಪಾಸಾಯಿತು, ಬಲಗಡೆಯದು ಮೂರು ಸಲ ತಿರುಗಿಸಿದರೂ ನೀರನ್ನೆಲ್ಲ ಹಳಿಯ ಮೇಲೆ ಉಗುಳುತ್ತಿದೆ, ಎರಡೂ ನಡೆಯದಿದ್ದರೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದಿದ್ದರೆ ಈ ಪುಟ್ಟ ಗಣಿ ಇಂಜಿನ್ನಿಗೆ ಬಣ್ಣ ಬಳಿದು ಪಾರ್ಕಿನಲ್ಲಿ ನಿಲ್ಲಿಸುವುದೆಂದು ಹಳೇ ಇಂಜಿನ್ ಉಳಿಸುವ ಸಂಘದ ಕಮಿಟಿ ಆಗಲೇ ತೀರ್ಮಾನಿಸಿದೆ, ಸುತ್ತ ಹೂವಿನ ಕುಂಡ, ನೆತ್ತಿಯ ಮೇಲೆ ಕಡಲಹಕ್ಕಿಯ ಹಿಕ್ಕೆ, ಕಲ್ಲಿದ್ದಲು ಎಳೆದೆಳೆದು ಸವೆದ ಚಕ್ರಗಳಿಗೆ ಅಂಥ ಗತಿ ಬೇಡವೇ ಬೇಡ. ಐದು ಕಿಲೋಮೀಟರಿನಾಚೆ ಯಾರೂ ಕಾಲಿಡಬಾರದೆಂದ ಲಾಕ್‌ಡೌನಿನಲ್ಲಿ ಶೆಡ್ಡಿಗೆ ಅಷ್ಟು ಹತ್ತಿರವಿದ್ದವಳು ಸಂಘದಲ್ಲಿ ಇವಳೊಬ್ಬಳೇ, ವಾರವಿಡೀ ಸ್ಟೆಂಟ್ ತಯಾರಿಸುವ ಕಂಪನಿಯ ಕೆಲಸ, ಶನಿವಾರ ಇಲ್ಲಿ ಒಲೆಯೊಳಗೆ ತೂರಿ ತುಕ್ಕು ಕೆರೆಯುವುದು, ಸಂಘದ ಹಿರಿಯ, ಎಂಬತ್ತರ ಡೋನಲ್ ಮನೆಯಲ್ಲೇ ಕೂತು ಫೋನಿನಲ್ಲಿ ಪಾಠ ಹೇಳಿದ, ಟಾರ್ಚ್ ಸರಿಯಾಗಿ ಹಿಡಿ ಹುಡುಗಿ — ನಲವತ್ತೆಂಟಕ್ಕೆ ಹುಡುಗಿ! ಆ ಡೋನಲ್ ಈಗ ಎರಡೂ ಲಸಿಕೆ ಹಾಕಿಸಿಕೊಂಡು ಬೇಲಿಯಾಚೆ ಮಡಿಸುವ ಕುರ್ಚಿಯಲ್ಲಿ, ಟೋಪಿ ತೊಡೆಯ ಮೇಲೆ, ಗ್ರ್ಯಾಂಡ್, ಗ್ರ್ಯಾಂಡ್ ಅನ್ನುತ್ತಾನೆ, ಎಲ್ಲ ಚೆನ್ನಾಗಿದೆ ಅನ್ನಲು ಇಲ್ಲಿಯವರ ಮಾತು, ಏನು ಗ್ರ್ಯಾಂಡೋ, ಈ ಮುದುಕನಿಗೆ ಮನೆಗೆ ಬೆಂಕಿ ಬಿದ್ದರೂ ಗ್ರ್ಯಾಂಡೇ.

ಇನ್ನೊಂದೇ ಸಲ ನೋಡಿ ಮೇಡಂ, ಆಮೇಲೆ ಫೇಲ್ ಅಂತ ಬರ್ಕೋಬೇಕಾಗುತ್ತೆ, ಎನ್ನುತ್ತಾನೆ ಬಾಯ್ಲರ್ ಇನ್‌ಸ್ಪೆಕ್ಟರ್, ಎರಡು ಮೀಟರ್ ದೂರದಿಂದಲೇ, ಪೆನ್ನಿನ ಮುಚ್ಚಳ ಆಗಲೇ ತೆಗೆದಿದ್ದಾನೆ, ಇವಳು ಬಗ್ಗಿ ಇಂಜೆಕ್ಟರಿನ ಹಿತ್ತಾಳೆ ಮೈಗೆ ಬೆರಳು ತಾಗಿಸುತ್ತಾಳೆ, ಹಾ, ಸುಡು ಸುಡು, ಕಾದು ಕೂತಿದೆ — ಇದನ್ನು ನೋಡಿದ್ದೇನೆ, ಎಲ್ಲಿ, ಚಿಕ್ಕಂದಿನಲ್ಲಿ, ಗೋದಾವರಿ ದಂಡೆಯ ಗಣಿ, ಅಪ್ಪ ಚಾಮರಾಜ ಅಲ್ಲಿ ಇಂಜಿನ್ ಡ್ರೈವರ್, ಬುತ್ತಿ ಹಿಡಿದು ಕೆಳಗೇ ನಿಲ್ಲಬೇಕು, ಹೆಣ್ಣುಮಕ್ಳು ಇಂಜಿನ್ ಹತ್ತಂಗಿಲ್ಲ ಅಂತ ಫೋರ್‌ಮನ್ ಗದರಿಸುತ್ತಾನೆ, ಹತ್ತದಿದ್ದರೇನು, ಕಣ್ಣಿಗೆ ತಡೆಯುಂಟೇ, ಇಂಜಿನ್ ಹೀಗೇ ನೀರು ಉಗುಳುತ್ತಿದೆ, ಅಪ್ಪ ನಗುತ್ತಾನೆ, ಇವ್ಳಿಗೆ ಜ್ವರ ಕಣೇ ಶಕ್ಕು, ಹಬೆ ಸೋರಿ ಮೈ ಕಾದೈತೆ, ಒದ್ದೆ ಬಟ್ಟೆ ಹಾಕಿದ್ರೆ ಸರಿಹೋಯ್ತಾಳೆ. ಬಟ್ಟೆ, ಬಟ್ಟೆ ಎಲ್ಲಿ, ಇಲ್ಲಿರುವುದೆಲ್ಲ ಎಣ್ಣೆ ಕುಡಿದ ಚಿಂದಿ, ನೀರು ಹೀರುವುದಿಲ್ಲ — ತಲೆಗೆ ಕಟ್ಟಿದ್ದು ಅಮ್ಮನ ಹಳೇ ಕಾಟನ್ ಸೀರೆಯ ತುಂಡು, ಬಿಚ್ಚಿದಳು, ಬಕೆಟ್ಟಿಗೆ ಅದ್ದಿದಳು. ಹೋದ ತಿಂಗಳು ಅಪ್ಪನಿಗೇ ಜ್ವರ, ಮೈಸೂರಿನ ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ, ಆಕ್ಸಿಜನ್ ಹಾಕಿಕೊಂಡು, ಹೋಗೋಣವೆಂದರೆ ವಿಮಾನವಿಲ್ಲ, ನರ್ಸ್ ಹಿಡಿದ ಫೋನಿನಲ್ಲಿ ಅಪ್ಪನ ಹಣೆಯಷ್ಟೇ ಕಾಣುತ್ತಿತ್ತು, ಆ ಹಣೆಗೆ ಒಂದು ಒದ್ದೆ ಬಟ್ಟೆ ಹಾಕಲಾಗಲಿಲ್ಲವಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಎಷ್ಟು ಅತ್ತಳು — ಗೆದ್ದು ಬಂದ ಅಪ್ಪ, ನಿನ್ನೆ ಫೋನಿನಲ್ಲಿ ದನಿ ಗಟ್ಟಿಯಾಗಿತ್ತು, ನೀನೇ ಇಂಜಿನ್ ಮೇಲ್ ನಿಂತ್ಕೋತೀಯಾ, ಫೋರ್‌ಮನ್ ಏನಂದ? ಫೋರ್‌ಮನ್ ನಾನೇ ಅಪ್ಪ.

ಸುತ್ತಿದಳು, ಚೊರ್ರೆಂದಿತು, ಮತ್ತೆ ಅದ್ದಿದಳು, ಸುತ್ತಿದಳು, ಆರು, ಆರಮ್ಮ, ಮೊದಲು ನೀರು ಬಿಡು, ಆಮೇಲೆ ಹಬೆ, ನಿಧಾನ, ಉಗುಳಿತು, ಮತ್ತೆ ಉಗುಳಿತು, ಪೆನ್ನು ಹಾಳೆಗೆ ಇಳಿಯುತ್ತಿದೆ — ತಡಿ ಮಹರಾಯ, ತಡಿ — ಸದ್ದು ಬದಲಾಯಿತು, ಹೌದು, ಬದಲಾಯಿತು, ಗುಂಯ್ ಎನ್ನುತ್ತಿದೆ, ಹಳಿಯ ಮೇಲೆ ಒಂದು ಹನಿಯೂ ಇಲ್ಲ, ಅಷ್ಟೂ ಒಳಗೆ, ಬೇಲಿಯಾಚೆ ಕುರ್ಚಿ ಮಗುಚಿದ ಸದ್ದು, ಡೋನಲ್ ಟೋಪಿ ಎಸೆದು ಕೂಗುತ್ತಾನೆ, ಈ ಸಲ ಗ್ರ್ಯಾಂಡ್ ಅಲ್ಲ, ಬರೀ ಕೂಗು, ಪಾಸ್, ಎನ್ನುತ್ತಾನೆ ಇನ್‌ಸ್ಪೆಕ್ಟರ್, ಇವಳೇನು ಕಮ್ಮಿಯೇ, ಹೆಮ್ಮೆಗೆ ಎದೆ ಬಿರಿಯುತ್ತಿದೆ, ಶಿಳ್ಳೆ ಎಳೆಯಬೇಕು, ಅಪ್ಪನಿಗೆ ಕೇಳಿಸಬೇಕು, ಫೋನೆಲ್ಲಿ — ಕೈ ಏಳದು, ಕಣ್ಣು ಕೀಳದು, ಗಾಜಿನೊಳಗೆ ನೀರು, ಒಂದು ಬೆರಳು ಏರಿತು, ಅರ್ಧ ದಾಟಿತು, ನೀರು, ಏರುತ್ತಿರುವ ನೀರು