ಅರ್ಧಬೆಟ್ಟದ ಗ್ರಾಟೊ

ಎರ್ಮೆಟೆಯ ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ಸಾಬೂನಿನ ನೊರೆ ಹಾಗೆಯೇ ಇತ್ತು. ಡೆಲ್ಫೀನಾ ಬಾಗಿಲು ತಟ್ಟದೆ ಒಳಗೆ ನುಗ್ಗಿ ಅವನ ಕನ್ನಡಿಗೆ ಅಡ್ಡವಾಗಿ ನಿಂತಳು.

“ಎರ್ಮೆಟೆ ಮಾವ, ಅಪ್ಪನ ಪೆಟ್ಟಿಗೆ ಮೇಲೆ ಹಗ್ಗ ಇಡ್ತೀರೋ ಇಲ್ವೋ? ಅಷ್ಟು ಹೇಳಿಬಿಡಿ, ಹೋಗ್ತೀನಿ.”

“ಮೊದಲು ಪಕ್ಕಕ್ಕೆ ಸರಿ ತಾಯಿ. ಕೈಲಿ ಕತ್ತಿ ಇದೆ. ಇವತ್ತು ಒಂದೇ ಹೆಣ ಸಾಕು ಊರಿಗೆ.”

ಅವಳು ಸರಿಯಲಿಲ್ಲ. ಎರ್ಮೆಟೆ ಕಣಿವೆಯಲ್ಲಿ ಬೆಟ್ಟ ಹತ್ತಿಸುವ ಗೈಡುಗಳಿಗೆಲ್ಲ ಯಜಮಾನ. ಊರಿನ ಯಾವ ಸಾವಿಗೇ ಆಗಲಿ, ಗೈಡುಗಳು ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡೇ ಬರುತ್ತಾರೆ. ಆದರೆ ಆ ಹಗ್ಗ ಹೆಗಲಿಳಿದು ಶವಪೆಟ್ಟಿಗೆಯ ಮೇಲೆ ಬರುವುದು, ಪೆಟ್ಟಿಗೆಗೆ ಗೈಡುಗಳೇ ಹೆಗಲು ಕೊಡುವುದು, ರೋಸಾನ್ ಶಿಖರದ ತುದಿಗೆ ಜನರನ್ನು ಮುಟ್ಟಿಸಿದವನು ಸತ್ತಾಗ ಮಾತ್ರ.

“ಈ ನಿಯಮ ನಾನು ಮಾಡಿದ್ದಲ್ಲ ಮಗಳೇ. ನನ್ನ ಒಡಹುಟ್ಟಿದ ಅಣ್ಣನಿಗೇ ಹಗ್ಗ ಸಿಗಲಿಲ್ಲ. ನಿಮ್ಮಪ್ಪ...”

“ಯಾಕೆ ನಿಲ್ಲಿಸಿದ್ರಿ? ಅರ್ಧಬೆಟ್ಟ ಅಂತ ಹೇಳಿ. ಊರೆಲ್ಲ ಹೇಳ್ತಿತ್ತಲ್ಲ.”

ಎರ್ಮೆಟೆ ಕತ್ತಿಯನ್ನು ನೀರಿನಲ್ಲಿ ಅದ್ದಿದ. ಅದ್ದಿದ್ದನ್ನು ಮತ್ತೆ ಅದ್ದಿದ. “ಗ್ರಾಟೊ ನನ್ನ ಜೊತೆಗಾರ. ನನಗೂ ಸಂಕಟ ಇದೆ. ಆದ್ರೆ ಸಂಕಟಕ್ಕೆ ಹಾಕೋ ಹಗ್ಗ ಅಲ್ಲ ಅದು.”

ರೋಸಾನಿನ ತುದಿಗೆ ತುಸು ಕೆಳಗೆ ಒಂದು ಚಪ್ಪಟೆ ಬಂಡೆಯುಂಟು. ಊರವರು ಅದನ್ನು ಭುಜ ಎಂದು ಕರೆಯುತ್ತಾರೆ. ಬಯಲುಸೀಮೆಯಿಂದ ಹತ್ತಲು ಬಂದವರಲ್ಲಿ ಯಾರ ಕಾಲಿಗಾದರೂ ನಡುಕ ಹುಟ್ಟುವುದು ಅಲ್ಲಿಯೇ. ಹಾಗಾದಾಗ ಗೈಡುಗಳಲ್ಲಿ ಒಬ್ಬ ಆ ಮನುಷ್ಯನನ್ನು ಕರೆದುಕೊಂಡು ಹಿಂದಿರುಗಬೇಕು. ಯಾರು ಹೋಗುತ್ತೀರಿ ಎಂದು ಯಜಮಾನ ಕೇಳುವ ಮೊದಲೇ ಗ್ರಾಟೊನ ಕೈ ಮೇಲೆದ್ದಿರುತ್ತಿತ್ತು. ಒಂದು ಸಲ ಎರಡು ಸಲವಲ್ಲ, ಆಯುಷ್ಯವಿಡೀ. ತುದಿಯ ಮೇಲಿನ ಶಿಲುಬೆಯನ್ನು ಅವನು ಮುಟ್ಟಿದ್ದೇ ಇಲ್ಲ. ಎತ್ತರಕ್ಕೆ ಹೆದರುತ್ತಾನೆ ಎಂದರು ಕೆಲವರು. ಮೈಗಳ್ಳ ಎಂದರು ಕೆಲವರು. ಅವನು ಎರಡಕ್ಕೂ “ಹೌದಪ್ಪಾ” ಎಂದು ನಕ್ಕು ಮೇಕೆಗಳಿಗೆ ಹುಲ್ಲು ಹಾಕಲು ಹೋಗುತ್ತಿದ್ದ.

ಡೆಲ್ಫೀನಾ ಮನೆಗೆ ಬಂದಾಗ ಸೋದರತ್ತೆ ಇಡಾ ಸಾವಿಗೆ ಬರುವವರಿಗಾಗಿ ದೊಡ್ಡ ಹಂಡೆಯಲ್ಲಿ ಸಾರು ಕುದಿಸುತ್ತಿದ್ದಳು.

“ಏನಂದ ಯಜಮಾನ?”

“ಆಗಲ್ಲ ಅಂದ್ರು.”

“ಅವನು ಕಲ್ಲು. ಎಷ್ಟು ಉರಿ ಹಾಕಿದ್ರೂ ಬೇಯಲ್ಲ.” ಅತ್ತೆ ಸೌಟು ತಿರುಗಿಸಿದಳು. “ಹೋಗ್ಲಿ ಬಿಡು. ದೇವರ ಹತ್ರ ಹಗ್ಗ ಯಾತಕ್ಕೆ? ಅಲ್ಲಿ ಯಾರೂ ಜಾರಿ ಬೀಳಲ್ಲ.”

“ಅಪ್ಪನಿಗೆ ಬೇಡ ಅತ್ತೆ. ಊರಿಗೆ ಬೇಕು. ಇಲ್ಲಾಂದ್ರೆ ಗೋರಿ ಮುಂದೆ ಹಾದುಹೋಗುವಾಗಲೂ ಅರ್ಧಬೆಟ್ಟ ಅಂತ್ಲೇ ಅಂತಾರೆ.”

*

ಡೆಲ್ಫೀನಾಗೆ ಹದಿನೈದು ತುಂಬಿದ ಬೇಸಿಗೆಯಲ್ಲಿ ಗ್ರಾಟೊ ಅವಳನ್ನು ರೋಸಾನಿಗೆ ಕರೆದೊಯ್ದಿದ್ದ. ಆ ದಿನ ಗಾಳಿ ಇರಲಿಲ್ಲ. ಭುಜದ ಮೇಲೆ ನಿಂತರೆ ತುದಿಯ ಶಿಲುಬೆ ಕೈಗೆಟುಕುವಷ್ಟು ಹತ್ತಿರ ಕಾಣುತ್ತಿತ್ತು. ಅವಳ ಕಾಲಿನಲ್ಲಿ ಕುದುರೆಯ ಬಲವಿತ್ತು.

ಅಲ್ಲಿ ಬೇರೆ ತಂಡದ ಒಬ್ಬ ಮನುಷ್ಯ, ಪಟ್ಟಣದಲ್ಲಿ ಔಷಧದ ಅಂಗಡಿ ಇಟ್ಟಿದ್ದ ಒಲಿಂಟೊ ಎಂಬವನು, ಬಂಡೆಯನ್ನು ಅಪ್ಪಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದ. ಅವನ ತಂಡದ ಗೈಡುಗಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಗ್ರಾಟೊನ ಕೈ ಎದ್ದಿತು.

“ಅಪ್ಪಾ, ಇವತ್ತು ಬೇಡ,” ಎಂದಳು ಡೆಲ್ಫೀನಾ. “ಇವತ್ತು ನನ್ನ ದಿನ ಅಂತ ನೀನೇ ಅಂದಿದ್ದೆ.”

“ನಿನ್ನದೇ ದಿನ ಮಗಳೇ. ಅದಕ್ಕೇ ನಿನ್ನನ್ನ ಮುಂದೆ ಬಿಡ್ತೀನಿ. ದಾರಿ ನೋಡಿ ಇಳಿ.”

ಹಗ್ಗದ ಮುಂದಿನ ತುದಿಯಲ್ಲಿ ಅವಳು, ನಡುವೆ ಆ ಮನುಷ್ಯ, ಮೇಲಿಂದ ಹಿಡಿದುಕೊಂಡು ಗ್ರಾಟೊ. ದಾರಿಯುದ್ದಕ್ಕೂ ಅವನು ಒಲಿಂಟೊಗೆ ತನ್ನ ಮೇಕೆಯ ಕತೆ ಹೇಳಿದ: ಅದು ಒಮ್ಮೆ ಪಾದ್ರಿಯ ಟೋಪಿ ತಿಂದು, ಆಮೇಲೆ ಒಂದು ವಾರ ಬಹಳ ಗಂಭೀರವಾಗಿ ಓಡಾಡಿಕೊಂಡಿದ್ದ ಕತೆ. ಹುಲ್ಲುಗಾವಲು ಮುಟ್ಟುವ ಹೊತ್ತಿಗೆ ಒಲಿಂಟೊ ನಗುತ್ತಿದ್ದ. ಡೆಲ್ಫೀನಾ ನಗಲಿಲ್ಲ.

ಮುಂದೊಂದು ವರ್ಷ ಅವಳು ಬೇರೆಯವರ ಜೊತೆ ಹೋಗಿ ಶಿಲುಬೆ ಮುಟ್ಟಿ ಬಂದಳು. ಅಪ್ಪನಿಗೆ ಹೇಳಲಿಲ್ಲ. ಆದರೂ ಆ ಸಂಜೆ ಒಲೆಯ ಪಕ್ಕದಲ್ಲಿ ಅವಳ ಕಾಲಿಗೆಂದು ಬಿಸಿನೀರಿನ ತೊಟ್ಟಿ ಕಾದಿತ್ತು, ಅದರಲ್ಲಿ ಉಪ್ಪು ಹಾಕಿತ್ತು.

*

ಪೂಜೆಯ ಹೊತ್ತು ಮೀರಿತ್ತು. ಪಾದ್ರಿ ದೋನ್ ಸಿಲ್ವಾನೊ ಇಗರ್ಜಿಯ ಬಾಗಿಲಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ಬಸ್ಸು ಬರುವುದು ಕೆಳಗಿನ ಊರಿನವರೆಗೆ. ಅಲ್ಲಿಂದ ಮೇಲಕ್ಕೆ ಹಿಂದಿನ ಕಾಲದ ಯಾತ್ರಿಕರು ಸವೆಸಿದ ಕಲ್ಲುಹಾಸಿನ ದಾರಿಯೊಂದೇ. ಆ ದಾರಿಯಲ್ಲಿ ಕಪ್ಪು ಬಟ್ಟೆಯ ಜನ ಹತ್ತುತ್ತಿದ್ದರು. ನಾಲ್ಕು ಹೆಜ್ಜೆ ಇಟ್ಟು ನಿಲ್ಲುವರು, ಸೊಂಟಕ್ಕೆ ಕೈ ಕೊಡುವರು, ಮತ್ತೆ ನಾಲ್ಕು ಹೆಜ್ಜೆ.

“ಯಾರಮ್ಮಾ ಇವರು?” ಎಂದರು ಪಾದ್ರಿ.

ಡೆಲ್ಫೀನಾ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಒಬ್ಬ ದಪ್ಪ ಕನ್ಯಾಸ್ತ್ರೀ. ಕೋಲೂರಿದ ಒಬ್ಬ ಶಾಲೆ ಮೇಷ್ಟ್ರು. ಎಲ್ಲರ ಹಿಂದೆ, ಎರಡೂ ಕಡೆ ಆಸರೆ ಹಿಡಿದು ಬರುತ್ತಿದ್ದ ಮುದುಕನನ್ನು ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಒಲಿಂಟೊ.

“ಅಪ್ಪ ಕೆಳಗಿಳಿಸಿದ ಜನ, ಸ್ವಾಮಿ. ಪೇಪರಿನಲ್ಲಿ ಸುದ್ದಿ ನೋಡಿರಬೇಕು.”

“ಅದಕ್ಕೇ ತಡ,” ಎಂದಳು ಇಡಾ ಅತ್ತೆ. “ಜನ್ಮದಲ್ಲಿ ಎಲ್ಲಿಗಾದ್ರೂ ಹತ್ತಿ ಮುಟ್ಟಿದ್ದರೆ ತಾನೇ!”

ಪಾದ್ರಿ ಗಂಟೆಯ ಹಗ್ಗ ಹಿಡಿದವನಿಗೆ ತಡೆ ಎಂದು ಕೈಸನ್ನೆ ಮಾಡಿದರು. “ಕಾಯೋಣ. ಇವತ್ತು ಗ್ರಾಟೊಗೂ ಅವಸರ ಇಲ್ಲ.”

ಒಳಗೆ ಬಂದ ಒಲಿಂಟೊ ಉಸಿರು ಹಿಂದಿರುಗುವವರೆಗೆ ಬೆಂಚಿನ ಮೇಲೆ ಕುಳಿತಿದ್ದ. ಆಮೇಲೆ ಡೆಲ್ಫೀನಾಳ ಕೈ ಹಿಡಿದ.

“ನೀವು ಅವತ್ತು ನನ್ನ ಮೇಲೆ ಸಿಟ್ಟಾಗಿದ್ರಿ.”

“ಹೌದು,” ಎಂದಳು ಅವಳು. ಸುಳ್ಳು ಹೇಳುವ ದಿನವಾಗಿರಲಿಲ್ಲ. “ಅಪ್ಪನಿಗೂ ಹೆದರಿಕೆ ಇತ್ತು ಅಂತಾರೆ ಊರಲ್ಲಿ. ನಿಮಗೆ ಏನಾದ್ರೂ ಹೇಳಿದ್ರಾ?”

“ಅವರ ಹೆದರಿಕೆ ನನಗೆ ಗೊತ್ತಿಲ್ಲಮ್ಮ. ನನ್ನ ಹೆದರಿಕೆ ನೋಡಿ ನಗಲಿಲ್ಲ. ನನಗೆ ಗೊತ್ತಿರೋದು ಅಷ್ಟೇ.” ಅವನು ತನ್ನೊಡನೆ ಬಂದವರ ಕಡೆ ನೋಡಿದ. “ಪೆಟ್ಟಿಗೆಗೆ ಗೈಡುಗಳು ಹೆಗಲು ಕೊಡೋದಿಲ್ಲವಂತೆ, ಹೊರಗೆ ಕೇಳಿಸ್ಕೊಂಡ್ವಿ. ನಮ್ಮನ್ನೆಲ್ಲ ಅವರು ಕೆಳಗೆ ತಂದರು. ಅವರನ್ನ ಮೇಲಕ್ಕೆ ಒಯ್ಯೋ ಕೆಲಸ ನಮಗೆ ಕೊಡ್ತೀರಾ?”

ಅವಳು ಆಗಲಿ ಎಂದು ತಲೆಯಾಡಿಸಿದಳು.

ಈ ಊರಿನಲ್ಲಿ ಸಮನಾದ ನೆಲವೆಲ್ಲ ಹುಲ್ಲಿಗೆ ಮೀಸಲು. ಸತ್ತವರ ಪಾಲಿಗೆ ಬಂದದ್ದು ಇಗರ್ಜಿಯ ಹಿಂದಿನ ಕಡಿದಾದ ದಿಬ್ಬ. ಪೂಜೆ ಮುಗಿದ ಮೇಲೆ ಶಿಲುಬೆ ಹಿಡಿದು ಪಾದ್ರಿ ಮುಂದೆ, ಅವರ ಬೆನ್ನಿಗೆ ಹೆಗಲಲ್ಲಿ ಹಗ್ಗ ಹೊತ್ತ ಎರ್ಮೆಟೆ ಮತ್ತು ಅವನ ಗೈಡುಗಳು, ಅವರ ಹಿಂದೆ ಕೆಳಗಿನಿಂದ ಬಂದವರ ಹೆಗಲ ಮೇಲೆ ಪೆಟ್ಟಿಗೆ. ಜಪಸರದ ಪ್ರಾರ್ಥನೆ ಸಾಗುತ್ತಿತ್ತು. ದಿಬ್ಬದ ನಡುವಿಗೆ ಬರುವಾಗ ಹೊತ್ತವರ ಉಸಿರು ಪ್ರಾರ್ಥನೆಗಿಂತ ಗಟ್ಟಿಯಾಗಿ ಕೇಳತೊಡಗಿತು. ಮೇಷ್ಟ್ರ ಮೊಣಕಾಲು ಕುಸಿಯಿತು. ಪೆಟ್ಟಿಗೆ ಓರೆಯಾಗಿ ನೆಲಕ್ಕಿಳಿದು, ಒದ್ದೆ ಕಲ್ಲಿನ ಮೇಲೆ ಒಂದು ಗೇಣು ಹಿಂದಕ್ಕೆ ಜಾರಿ, ನಿಂತಿತು.

“ಅಯ್ಯೋ ನನ್ನ ತಮ್ಮಾ!” ಇಡಾ ಅತ್ತೆ ಕೂಗಿದಳು. “ಇಲ್ಲಿಗೆ ಬಂದೂ ಅರ್ಧಕ್ಕೇ ನಿಂತ್ಯೇನೋ!”

ಯಾರೋ ನಕ್ಕರು. ನಕ್ಕವರೇ ಕಣ್ಣು ಒರೆಸಿಕೊಂಡರು. ಡೆಲ್ಫೀನಾ ಎರಡೂ ಕೈಗಳಿಂದ ಪೆಟ್ಟಿಗೆಯ ಕೆಳತುದಿಯನ್ನು ತಡೆದು ಹಿಡಿದಿದ್ದಳು. ತಲೆಯೆತ್ತಿದಾಗ ಎರ್ಮೆಟೆ ಅವಳ ಮುಂದೆ ಇದ್ದ. ಅವನು ಹೆಗಲಿನಿಂದ ಹಗ್ಗ ತೆಗೆದ; ಪೆಟ್ಟಿಗೆಯ ಹಿಡಿಗಳೊಳಗೆ ತೂರಿಸಿ, ಮೇಲಿಂದ ಅಡ್ಡಡ್ಡ ಸುತ್ತಿ ಗಂಟು ಬಿಗಿದ.

“ಯಜಮಾನ್ರೇ, ನಿಯಮ...” ಎಂದ ಒಬ್ಬ ಎಳೆಯ ಗೈಡು.

“ಜಾರೋ ಕಲ್ಲಿಗೆ ಹೋಗಿ ಹೇಳು ನಿಯಮ. ಮೇಲೆ ನಿಂತು ಎಳಿ. ಉಳಿದವರು ಹೆಗಲು ಕೊಡಿ. ನೀನು ಕೈ ಬಿಡು ಡೆಲ್ಫೀನಾ. ಹಿಡ್ಕೊಂಡಿದೀವಿ.”

ಅವಳು ಮೆಲ್ಲಗೆ ಕೈ ಬಿಟ್ಟಳು. ಹಗ್ಗ ಬಿಗಿಯಾಯಿತು. ಗೈಡುಗಳು ಪೆಟ್ಟಿಗೆ ಎತ್ತಿದರು.

ಆದರೆ ಪೆಟ್ಟಿಗೆ ಜಾರಿದಾಗ ಕುಸಿದು ಕೂತ ಒಲಿಂಟೊ ಏಳಲಿಲ್ಲ. ಅವನು ದಾರಿಯಂಚಿನ ಗೋಡೆಯನ್ನು ಅಪ್ಪಿ ಕುಳಿತಿದ್ದ, ಮುಖ ಸುಣ್ಣದಂತಾಗಿತ್ತು. “ನನ್ನಿಂದಾಗಲ್ಲ,” ಎಂದ. “ನೀವು ಹೋಗಿ. ನನ್ನಿಂದ ನಿಲ್ಲಬೇಡಿ.”

ಗೈಡುಗಳು ಒಬ್ಬರ ಮುಖ ಒಬ್ಬರು ನೋಡಿದರು. ಇಂಥ ಹೊತ್ತಿನಲ್ಲಿ ಯಾವಾಗಲೂ ಮೇಲೇಳುತ್ತಿದ್ದ ಕೈ ಈಗ ಪೆಟ್ಟಿಗೆಯ ಒಳಗಿತ್ತು. ಗೋರಿಗೆ ಮೊದಲ ಹಿಡಿ ಮಣ್ಣು ಹಾಕಬೇಕಾದವನು ಯಜಮಾನ. ಅವನಿಲ್ಲದೆ ಕಣಿವೆಯಲ್ಲಿ ಯಾವ ಗೈಡನ್ನೂ ಮಣ್ಣು ಮಾಡಿದ್ದಿಲ್ಲ.

ಎರ್ಮೆಟೆ ಟೋಪಿ ತೆಗೆದು ಪೆಟ್ಟಿಗೆಯನ್ನು ಒಮ್ಮೆ ನೋಡಿದ. ನಿಧಾನವಾಗಿ ಕೈ ಎತ್ತಿದ.

“ನಾನು ಹೋಗ್ತೀನಿ. ಮೊದಲ ಹಿಡಿ ನೀನೇ ಹಾಕಮ್ಮ.”

ಪೆಟ್ಟಿಗೆ ಮೇಲಕ್ಕೆ ಸಾಗಿತು. ಗೋರಿಯ ಬಳಿ ಪಾದ್ರಿ ತೀರ್ಥ ಚಿಮುಕಿಸಿದರು. ಡೆಲ್ಫೀನಾ ಬಾಗಿ ಮಣ್ಣು ತೆಗೆದುಕೊಂಡಳು; ತಣ್ಣಗಿತ್ತು, ಹುಲ್ಲಿನ ಬೇರುಗಳಿದ್ದವು. ಹಾಕುವ ಮುನ್ನ ಅವಳು ಒಮ್ಮೆ ಕೆಳಗೆ ನೋಡಿದಳು.

ದಿಬ್ಬದ ತಿರುವಿನಲ್ಲಿ ಎರ್ಮೆಟೆ ಒಲಿಂಟೊನನ್ನು ಮುಂದೆ ಬಿಟ್ಟು, ಹಿಂದಿನಿಂದ ಅವನ ಕೋಟಿನ ಬೆನ್ನನ್ನು ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಳಿಯುತ್ತಿದ್ದ. ಒಂದು ಕಡೆ ಇಬ್ಬರೂ ನಿಂತರು. ಜನ್ಮವಿಡೀ ಯಾರಿಗೂ ತಲೆ ಬಾಗಿಸದ ಯಜಮಾನ ಆ ಕಲ್ಲುಹಾಸಿನ ಮೇಲೆ ಮೊಣಕಾಲೂರಿ, ಮುದುಕನ ಬಿಚ್ಚಿದ ಬೂಟಿನ ದಾರ ಕಟ್ಟತೊಡಗಿದ. ಕಟ್ಟುತ್ತಾ ಏನೋ ಹೇಳುತ್ತಿದ್ದ. ಇಷ್ಟು ಮೇಲಕ್ಕೆ ಕೇಳಿಸಲಿಲ್ಲ. ಒಲಿಂಟೊ ಅವನ ಬೋಳುತಲೆಯ ಮೇಲೆ ಕೈಯೂರಿ ಒಂಟಿಕಾಲಲ್ಲಿ ನಿಂತಿದ್ದ. ಮುದುಕನ ಭುಜಗಳು ನಗುವಿನಿಂದ ಕುಲುಕುತ್ತಿದ್ದವು.